ಗಿರಣಿ ಕಾಯ್ದ ಸಿಸ್ಟರ್

ಹೆಸರು ಬರೆಯಬಾರದು ಎಂಬುದು ಅವರ ಕರಾರು. ಹೋದ ತಿಂಗಳು ದವಾಖಾನೆಯವರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ನಿವೃತ್ತಿಯ ಭಾಷಣ ಮಾಡಿ ಅವರನ್ನು ಬೀಳ್ಕೊಟ್ಟ ದಿನ ನಾನೂ ಹೋಗಿದ್ದೆ. ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯುವ ಆಸೆಯಿದೆ ಎಂದು ಬಾಯಿಬಿಟ್ಟೆ. ಸಿಸ್ಟರ್ ಶಾಲನ್ನು ಮಡಿಚಿ ಬಗಲಲ್ಲಿ ಇಟ್ಟುಕೊಳ್ಳುತ್ತ, "ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ದಿನದ್ದೂ ಬರೀಬೇಕು. ಬರೇ ಛಲೋದಷ್ಟ ಬರದು ನನ್ನ ದೇವರ ಜಗಲಿ ಮ್ಯಾಲೆ ಕೂಡಸಬ್ಯಾಡ್ರಿ," ಅಂದರು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ, "ಹೆಸರು ಮಾತ್ರ ಬ್ಯಾಡ. ನಮ್ಮೂರಾಗ ಪೇಪರ್ ಓದೂ ಮಂದಿ ಭಾಳ ಇದ್ದಾರ," ಅಂದರು.

ಹೀಗಾಗಿ ಇಲ್ಲಿ ಅವರು ಬರೀ ಸಿಸ್ಟರ್. ಪುಣೆಯ ಆ ದೊಡ್ಡ ದವಾಖಾನೆಯಲ್ಲಿ ಸಿಸ್ಟರ್ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ಶಬ್ದಕ್ಕೆ ಒಬ್ಬರೇ ವಾರಸುದಾರರು.

ನನ್ನದು ಶಿವಾಜಿನಗರ ಕೋರ್ಟಿನ ಹತ್ತಿರ ಟೈಪಿಂಗು, ಝೆರಾಕ್ಸಿನ ಸಣ್ಣ ಅಂಗಡಿ. ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುವವಳು. ಅವಳಿಗೊಂದು ಜ್ವರ ಬಂತು, ಹೋಯಿತು. ಹೋಗುವಾಗ ಹೃದಯದ ಬಲವನ್ನೇ ಕಟ್ಟಿಕೊಂಡು ಹೋಯಿತು. ಮೊದಲು ಶಾಲೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಆಮೇಲೆ ತಲೆ ಬಾಚುವಾಗ ನಡುವೆ ಬಾಚಣಿಗೆ ಕೆಳಗಿಟ್ಟು ಕೂಡತೊಡಗಿದಳು. ಔಷಧದಿಂದ ಇನ್ನು ಆಗದು, ಪಂಪು ಕೂಡಿಸಬೇಕು ಎಂದರು ಡಾಕ್ಟರು. ಹೃದಯದ ಎಡಗಡೆ, ಮುಷ್ಟಿಗಿಂತ ಸಣ್ಣದೊಂದು ಪಂಪು. ಅದರಿಂದ ಒಂದು ಕೇಬಲ್ ಹೊಟ್ಟೆಯ ಚರ್ಮದಿಂದ ಹೊರಗೆ ಬಂದು ಸೊಂಟಕ್ಕೆ ಕಟ್ಟಿದ ಡಬ್ಬಿಗೆ ಸೇರುತ್ತದೆ. ಆ ಡಬ್ಬಿಗೆ ಎರಡು ಬ್ಯಾಟರಿ. ಪಂಪು ನಡೆಯಬೇಕು ಅಂದರೆ ಡಬ್ಬಿ ಸರಿ ಇರಬೇಕು, ಡಬ್ಬಿ ಸರಿ ಇರಬೇಕು ಅಂದರೆ ಬ್ಯಾಟರಿ ಜೀವಂತ ಇರಬೇಕು. ಕಸಿ ಮಾಡಲು ಬೇರೆ ಹೃದಯ ಸಿಗುವ ತನಕ ಇದೇ ಆಸರೆ, ಸಿಗದಿದ್ದರೆ ಕಡೆಯ ತನಕವೂ ಇದೇ. ನಮ್ಮ ಅಜ್ಜಿ ಗಟ್ಟಿಗರ ಸುದ್ದಿ ಹೇಳುವಾಗ ಜೀವ ಅಂಗೈಯಲ್ಲಿ ಹಿಡಕೊಂಡು ಅಡ್ಡಾಡಿದರು ಅನ್ನುತ್ತಿದ್ದಳು. ನನ್ನ ಹೆಂಡತಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಅಡ್ಡಾಡಬೇಕಾಯಿತು.

ಶಸ್ತ್ರಕ್ರಿಯೆ ಮುಗಿದು ಅವಳನ್ನು ಐಸಿಯುಗೆ ತಂದ ಮೇಲೆ ಸಿಸ್ಟರ್ ನನ್ನನ್ನು ಕರೆದರು. ಗಿಡ್ಡ ಮೈಕಟ್ಟು, ಮೂಗಿನ ತುದಿಗೆ ಜಾರಿದ ಚಸ್ಮಾ. ಮೊದಲು ಮರಾಠಿಯಲ್ಲಿ ಕೇಳಿದರು: ಮನೆಯಲ್ಲಿ ಯಾವ ಭಾಷೆ? ಕನ್ನಡ ಅಂದೆ. ಯಾವ ಕಡೆಯ ಕನ್ನಡ? ನಾನು ಗಾಬರಿಯಲ್ಲಿದ್ದೆ, ಈ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಅನ್ನಿಸಿತು. ಧಾರವಾಡ ಅಂದೆ. ತಕ್ಷಣ ಕನ್ನಡಕ್ಕೆ ಇಳಿದರು. ನೀರಿಗೆ ಏನು ಅಂತೀರಿ, ನೋವಿಗೆ ಏನು ಅಂತೀರಿ, ಮನೆಯಲ್ಲಿ ಆಕೆಯನ್ನು ಏನಂತ ಕರೆಯುತ್ತೀರಿ, ಸಿಟ್ಟು ಬಂದಾಗ ಏನಂತ ಕರೆಯುತ್ತೀರಿ, ಎಲ್ಲ ಕೇಳಿದರು. ಗಂಟಲಿನ ಕೊಳವೆ ತೆಗೆದ ಮೇಲೆ ಮನುಷ್ಯರು ಕಲಿತ ಭಾಷೆಯಲ್ಲಿ ಏಳುವುದಿಲ್ಲ, ತಾಯಿಯ ಭಾಷೆಯಲ್ಲಿ ಏಳುತ್ತಾರೆ. ಎದುರಿಗೆ ನಿಂತವರಿಗೆ ಅದು ತಿಳಿಯದಿದ್ದರೆ ರೋಗಿಗಳು ಗಾಬರಿ ಬಿದ್ದು ಕೇಬಲ್ಲಿಗೇ ಕೈ ಹಾಕುತ್ತಾರೆ ಎಂದು ಆಮೇಲೆ ವಿವರಿಸಿದರು.

ಅವರದು ನಿಪ್ಪಾಣಿ ಕಡೆಯ ಒಕ್ಕಲುತನದ ಮನೆ. ಅವರ ಕನ್ನಡದಲ್ಲಿ 'ಐತಿ'. ನಮ್ಮದರಲ್ಲಿ 'ಅದ'. ನಮ್ಮ ಜೊತೆ ಮಾತಾಡುವಾಗ ಬೇಕೆಂದೇ 'ಅದ' ಅನ್ನುತ್ತಿದ್ದರು. ಸೊಲ್ಲಾಪುರದ ರೋಗಿಗೆ ಸೊಲ್ಲಾಪುರದ ಮಾತು, ಬಾರಾಮತಿಯ ಕಬ್ಬಿನ ಗೌಡನಿಗೆ ಅವನ ಮರಾಠಿ, ನಮಗೆ ಧಾರವಾಡದ್ದು. ಇದು ಅವರಿಗೊಂದು ಹೆಮ್ಮೆಯೂ ಆಗಿತ್ತು. ನನ್ನ ಅತ್ತೆ ಒಮ್ಮೆ, "ತಂಗೀ, ನೀ ನಮ್ಮ ಓಣಿಯಾಕಿನ ಬಿಡು," ಅಂದಾಗ ಅವರ ಮುಖ ನೋಡಬೇಕಿತ್ತು.

ಮಾತಾಡುವಾಗ ಸಿಸ್ಟರ್ ನಿಮ್ಮ ಮುಖ ನೋಡುತ್ತಿರಲಿಲ್ಲ. ನಿಮ್ಮ ಹೆಗಲ ಮೇಲಿಂದ ಹಿಂದಿನ ಮಾನಿಟರಿನಲ್ಲಿ ಓಡುವ ಗೆರೆಗಳನ್ನು ನೋಡುತ್ತಿದ್ದರು. ಹಾಸಿಗೆಗೆ ಬೆನ್ನು ಮಾಡಿ ಅವರು ನಿಂತಿದ್ದನ್ನು ನಾನು ಕಂಡಿಲ್ಲ. ಏನು ಮಾಡುವ ಮೊದಲೂ ಎರಡು ಬೆರಳಿನಿಂದ ಕೇಬಲ್ಲನ್ನು ಹೊಟ್ಟೆಯಿಂದ ಡಬ್ಬಿಯ ತನಕ ಮೆಲ್ಲಗೆ ತಡವುತ್ತ ಹೋಗುತ್ತಿದ್ದರು. ಅವರ ಅಪ್ಪ ಎಮ್ಮೆ ಕಟ್ಟಿದ ಹಗ್ಗವನ್ನು ಹೀಗೆಯೇ ಕೊರಳಿಂದ ಗೂಟದ ತನಕ ತಡವಿ ನೋಡಿ ಮಲಗುತ್ತಿದ್ದರಂತೆ. ಗಂಡ ಕುರಕುಂಭದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. "ನಮ್ಮದು ಸಂಸಾರ ಅಲ್ರಿ ಸಾಹುಕಾರ್ರ, ಚಾರ್ಜ್ ಕೊಡೂದು ತಗೊಳ್ಳೂದು," ಅನ್ನುತ್ತಿದ್ದರು. ನನ್ನನ್ನು ಸಾಹುಕಾರ್ರು ಅನ್ನುವುದು ಕುಶಾಲಿಗೆ. ನನ್ನ ಹೆಂಡತಿ ಮಾತ್ರ ಖರೇನೇ 'ಅಕ್ಕಾರು'. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು.

ಐಸಿಯುವಿನ ಗಾಜಿನ ಹೊರಗೆ ನಿಲ್ಲುವವರಿಗೆ ಅವರೊಂದು ಕಾನೂನು ಹೇಳಿಕೊಟ್ಟಿದ್ದರು. ಮಂಚದ ಸುತ್ತಿನ ಪಡದೆ ಎಳೆದರೆ ಹೆದರಬೇಡಿ, ಮೈ ಒರೆಸುತ್ತಿದ್ದೇವೆ ಅಂತ ತಿಳಿಯಿರಿ. ಪಡದೆ ತೆರೆದೇ ಇದ್ದು, ನಾನು ನಿಮ್ಮ ಕಡೆ ತಿರುಗಿ ನೋಡಲಿಲ್ಲ ಅಂದರೆ ಅಲ್ಲಿಂದ ಕದಲಬೇಡಿ, ಯಾವಾಗ ಬೇಕಾದರೂ ಕರೆಯಬಹುದು.

ಒಂದು ದಿನ ಪಡದೆ ತೆರೆದೇ ಇತ್ತು. ಎಡಗಡೆಯ ಕೆಲಸ ಪಂಪು ವಹಿಸಿಕೊಂಡಿತ್ತು. ಬಲಗಡೆಯ ಹೃದಯಕ್ಕೆ ಅದರ ಜೊತೆ ಹೆಜ್ಜೆ ಹಾಕಲು ಆಗುತ್ತಿರಲಿಲ್ಲ. ಡಾಕ್ಟರು ಮೂವರು ಬಂದರು. ಸಿಸ್ಟರ್ ಒಂದು ಕೈಯಲ್ಲಿ ಔಷಧದ ಯಂತ್ರ ತಿರುವುತ್ತ ಇನ್ನೊಂದು ಕೈಯನ್ನು ನನ್ನ ಹೆಂಡತಿಯ ಪಾದದ ಮೇಲೆ ಇಟ್ಟಿದ್ದರು. ಪಾದ ಬೆಚ್ಚಗಿದೆಯೋ ತಣ್ಣಗಾಗುತ್ತಿದೆಯೋ ನೋಡಲಿಕ್ಕೆ. ನಾನು ಗಾಜಿಗೆ ಹಣೆ ಹಚ್ಚಿ ನಿಂತೆ. ಮುಂಜಾನೆ ಹೋಗಿ ಮಧ್ಯಾಹ್ನ ಆಯಿತು. ನನ್ನ ಕಡೆ ಅವರು ನೋಡಲಿಲ್ಲ. ಯಾರೋ ಚಹಾ ತಂದುಕೊಟ್ಟರು, ಕೈಯಲ್ಲೇ ಆರಿತು. ಕಡೆಗೆ ಸಿಸ್ಟರ್ ನನ್ನ ಕಡೆ ನೋಡದೆಯೇ ಬಂದು ಪಡದೆ ಎಳೆದುಬಿಟ್ಟರು. ಮೈ ಒರೆಸುವುದಕ್ಕೆ. ನಾನು ಅಲ್ಲೇ ಗೋಡೆಗೆ ಆತು ಕೂತೆ. ಆ ಹಸಿರು ಪಡದೆಯಷ್ಟು ಚೆಂದದ ಬಟ್ಟೆಯನ್ನು ನಾನು ಕಂಡಿಲ್ಲ ಅಂತೀನಿ.

ಅತ್ತೆ ಧಾರವಾಡದಿಂದ ಬಂದದ್ದು ಅದರ ಮರುವಾರ. ಅವರು ವೈದ್ಯರ ಮನೆಯ ಮಗಳು. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಮಣಿಕಟ್ಟು ಹಿಡಿದು ನಾಡಿ ನೋಡಿ ಹೇಳುವವರು. ಭೇಟಿಯ ಹೊತ್ತಿಗೆ ಒಳಗೆ ಹೋಗಿ ಮಗಳ ತಲೆ ಸವರಿದರು, ಮಣಿಕಟ್ಟು ಹಿಡಿದರು. ಬೆರಳು ಸರಿಸಿ ಮತ್ತೆ ಹಿಡಿದರು. ಇನ್ನೊಂದು ಕೈ ಹಿಡಿದರು. ಮಗಳು ಕಣ್ಣು ತೆರೆದು, "ಅವ್ವಾ, ಊಟ ಆತೇನು," ಎಂದು ಕೇಳುತ್ತಿದ್ದಾಳೆ. ತಾಯಿಯ ಮುಖ ಸುಣ್ಣವಾಗಿದೆ. ಆ ಪಂಪು ಹೃದಯದಂತೆ ಬಡಿದು ಬಡಿದು ರಕ್ತ ದೂಡುವುದಿಲ್ಲ, ಒಂದೇ ಸಮ ಹರಿಸುತ್ತದೆ. ಅಂಥವರಿಗೆ ನಾಡಿ ಬೆರಳಿಗೆ ಸಿಗುವುದಿಲ್ಲ. ಇದನ್ನು ಅವರಿಗೆ ಮುಂಚೆ ಹೇಳಲು ನಮಗ್ಯಾರಿಗೂ ಹೊಳೆದಿರಲಿಲ್ಲ.

ಸಿಸ್ಟರ್ ಓಡಿ ಬರಲಿಲ್ಲ, ಸುಮ್ಮನೆ ಬಂದರು. ತಮ್ಮ ಸ್ಟೆಥೊಸ್ಕೋಪನ್ನು ಅತ್ತೆಯ ಕಿವಿಗೆ ಹಾಕಿ, ಅದರ ಬಿಲ್ಲೆಯನ್ನು ಮಗಳ ಎದೆಯ ಪಕ್ಕಕ್ಕೆ ಇಟ್ಟರು. ಅತ್ತೆ ಭಾಳ ಹೊತ್ತು ಕೇಳಿದರು. ಕಡೆಗೆ ಅಂದರು: "ಇದು ಹಿಟ್ಟಿನ ಗಿರಣಿ ಇದ್ದಂಗ ಅದಲ್ಲಾ, ತಂಗಿ."

"ಗಿರಣೀನ ಅದರಿ, ಆಯಿ. ಗಿರಣಿ ನಡದದ ಅಂದ್ರ ಮನ್ಯಾಗ ಹಿಟ್ಟು ಅದ ಅಂತ ತಿಳೀರಿ. ನಾಡಿ ಮರೀರಿ."

ಅಂದಿನಿಂದ ಆ ಪಂಪಿಗೆ ನಮ್ಮ ಮನೆಯಲ್ಲಿ ಗಿರಣಿ ಎಂದೇ ಹೆಸರು. ವಾರ್ಡಿನ ಮರಾಠಿ ಹುಡುಗಿಯರೂ ಅದನ್ನೇ ಅನ್ನತೊಡಗಿದರು. ಅವರ ಭಾಷೆಯಲ್ಲೂ ಗಿರಣಿ ಗಿರಣಿಯೇ.

ಮನೆಗೆ ಕಳಿಸುವ ಮೊದಲು ನನಗೆ ಪಾಠ ಶುರುವಾಯಿತು. ಬ್ಯಾಟರಿ ಒಂದೊಂದೇ ಬದಲಿಸಬೇಕು, ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಗಿರಣಿ ನಿಂತಿತು. ಕೇಬಲ್ ಹೊರಬರುವ ಜಾಗಕ್ಕೆ ಅಂಟಿಸಿದ ಬ್ಯಾಂಡೇಜಿನ ಪಟ್ಟಿಯನ್ನು ಹೀಗೆ ಬದಲಿಸಬೇಕು. ಬದಲಿ ಡಬ್ಬಿಯ ಕೆಂಪು ಚೀಲ ಆಕೆ ಹೋದಲ್ಲಿ ಹೋಗಬೇಕು, ಬಚ್ಚಲ ಬಾಗಿಲಿನ ತನಕವೂ. ನಾನು ಒಮ್ಮೆ ಅವಸರ ಮಾಡಿದಾಗ, "ಸಾಹುಕಾರ್ರ, ಇದೇನು ನಿಮ್ಮ ಝೆರಾಕ್ಸ್ ಮಶೀನ್ ಏನ್ರಿ, ಕಾಗದ ಸಿಕ್ಕೊಂಡ್ರ ಜಗ್ಗಿ ಮತ್ತ ಹಾಕಾಕ?" ಅಂದರು. ಡಬ್ಬಿಯೇ ಕೆಟ್ಟರೆ ಬದಲಿಸುವುದನ್ನು ಒಂದು ಬೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸಿದರು. ಆದರೆ ಅಂಥ ಪ್ರಸಂಗ ಬಂದರೆ ಮೊದಲು ವಾರ್ಡಿನ ಫೋನಿಗೆ ಕರೆ ಮಾಡಬೇಕು, ಅವರು ಹೇಳಿದ ಹಾಗೆ ಹೆಜ್ಜೆ ಇಡಬೇಕು.

ಅವರ ಎಲ್ಲ ಪಾಠಕ್ಕೂ ಒಂದು ಬುನಾದಿಯಿತ್ತು: ಕೇಳಿದ್ದನ್ನು ತಿರುಗಿ ಹೇಳುವುದು. ಅವರು ಹೇಳಿದ ಶಬ್ದವನ್ನು ನಾನು ಹೇಳಬೇಕು, ನಾನು ಹೇಳಿದ್ದನ್ನು ಅವರು ಹೇಳುತ್ತಾರೆ. ಡಾಕ್ಟರು ಔಷಧದ ಹೆಸರು ಹೇಳಿದರೂ ಅಷ್ಟೇ. ತಿರುಗಿ ಹೇಳದವರಿಗೆ ಅವರ ವಾರ್ಡಿನಲ್ಲಿ ಜಾಗವಿರಲಿಲ್ಲ. ಇಷ್ಟು ಮಾಡಿದರೆ ತಪ್ಪು ನುಸುಳಲು ಸಂದಿಯಿಲ್ಲ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಮನೆಗೆ ಬಂದ ಮೇಲೆ ಕೆಲವು ತಿಂಗಳು ಸುರಳೀತ ಹೋದವು. ಅವಳು ಕಿಟಕಿಯ ಹತ್ತಿರ ಕೂತು ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಅತ್ತೆ ನಮ್ಮಲ್ಲೇ ಉಳಿದಿದ್ದರು.

ಆ ದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಟು ಚಪ್ಪಲಿ ಹಾಕುತ್ತಿದ್ದೆ. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಳಗಿನಿಂದ ಒಂದೇ ಸಮ, ಉಸಿರು ಬಿಡದೆ ಕೂಗುವ ಸದ್ದು. ಹೋಗಿ ನೋಡಿದರೆ ಹೆಂಡತಿ ಮಂಚದ ತುದಿ ಹಿಡಿದು ನಿಂತಿದ್ದಾಳೆ, ಸೊಂಟದ ಡಬ್ಬಿಯಲ್ಲಿ ಕೆಂಪು ದೀಪ, ಗಿರಣಿಗೆ ಅಪಾಯ ಎಂಬ ಗುರುತು. ಬ್ಯಾಟರಿ ನೋಡಿದೆ, ಎರಡೂ ಭರ್ತಿ ಇದ್ದವು. ಅವಳನ್ನು ಮಂಚದ ಮೇಲೆ ಕೂಡಿಸಿ ಫೋನ್ ಹಚ್ಚಿದೆ. ಅದೃಷ್ಟಕ್ಕೆ ಸಿಸ್ಟರೇ ಎತ್ತಿದರು. ಫೋನನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲೆ ಇಟ್ಟು ಹೇಳಿದೆ:

"ಸಿಸ್ಟರ್, ಡಬ್ಬಿ ಕೂಗ್ತು. ಕೆಂಪು ದಿವಾ ಬಂದದ."

"ಬಂದ್ ಅದಾ?"

"ಹೌದ್ರಿ, ಬಂದದ."

ಓದುವವರೇ, ಇಲ್ಲಿ ಒಂದು ಗಳಿಗೆ ನಿಲ್ಲಿ. ನನ್ನ ಧಾರವಾಡದ ಬಾಯಲ್ಲಿ 'ಬಂದದ' ಅಂದರೆ ಬಂದಿದೆ. ಕೆಂಪು ದೀಪ ಹೊತ್ತಿಕೊಂಡಿದೆ ಎಂದು. ಸಿಸ್ಟರ್ ಅವರ ಊರಲ್ಲಿ ಅದಕ್ಕೆ 'ಬಂದೈತಿ' ಅನ್ನುತ್ತಾರೆ. ದಿನವಿಡೀ ಮರಾಠಿಯಲ್ಲಿ ಯಂತ್ರ ಬಂದ್, ಲೈಟ್ ಬಂದ್ ಎಂದು ಕೇಳುವ ಅವರ ಕಿವಿಗೆ ಬಿದ್ದದ್ದು 'ಬಂದ್ ಅದ'. ಕೆಂಪು ದೀಪ ಆರಿದೆ ಎಂದು. ನಿಯಮದ ಪ್ರಕಾರ ಅವರು ತಿರುಗಿ ಕೇಳಿದರು, ಅದೂ ನಮ್ಮ ಮೇಲಿನ ಪ್ರೀತಿಗೆ ನಮ್ಮ 'ಅದ' ಹಾಕಿ. ನಿಯಮದ ಪ್ರಕಾರ ನಾನು ಹೌದೆಂದೆ. ಇಬ್ಬರ ಬಾಯಲ್ಲೂ ಒಂದೇ ಶಬ್ದ, ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು.

"ಹಂಗಾರ ಛಲೋ ಆತು," ಅಂದರು ಸಿಸ್ಟರ್. "ಗಡಬಡಿ ಮಾಡಬ್ಯಾಡ್ರಿ. ಅಕ್ಕಾರನ್ನ ಕೂಡಸ್ರಿ, ಒಂದೀಟು ನೀರು ಕೊಡ್ರಿ. ನಾ ಲೈನ್ ಮ್ಯಾಲೆ ಇರ್ತೀನಿ."

ಕೆಂಪು ದೀಪ ಬಂದರೆ ಛಲೋ ಹೇಗೆ ಆಗುತ್ತದೆ ಎಂದು ನನಗೆ ಕೇಳಲು ತೋಚಲಿಲ್ಲ. ಅವರು ಹೇಳಿದರಲ್ಲ. ನನ್ನ ಎದೆ ಹಗುರಾಯಿತು. ನೀರು ತರಲು ಅಡುಗೆಮನೆಗೆ ಹೋದೆ. ತಂಬಿಗೆ ಹಿಡಿದು ಬರುವಷ್ಟರಲ್ಲಿ ಅವಳ ತುಟಿ ಬೂದಿಯ ಬಣ್ಣವಾಗಿತ್ತು. ಅತ್ತೆ ಅವಳ ಬೆನ್ನಿಗೆ ಆಸರೆಯಾಗಿ ಕೂತಿದ್ದರು. "ಕಣ್ಣು ಕತ್ತಲಿ ಬರ್ತದ," ಅಂದಳು ಅವಳು, ಎಲ್ಲೋ ದೂರದ ಸುದ್ದಿ ಹೇಳುವ ಹಾಗೆ.

ಆಗ ಹಾಸಿಗೆಯ ಮೇಲಿನ ಫೋನಿನಿಂದ ಸಿಸ್ಟರ್ ಧ್ವನಿ ಬಂತು. "ಸಾಹುಕಾರ್ರ, ಅದು ಏನು ಸದ್ದು?"

ಡಬ್ಬಿಯದು ಎಂದೆ. ಇನ್ನೂ ಕೂಗುತ್ತಿದೆಯೇ ಎಂದು ಕೇಳಿದರು. ನಿಂತೇ ಇಲ್ಲ ಎಂದೆ.

"ದಿವಾ ಹತ್ತೇತೋ, ಆರೇತೋ? ಇವೆರಡರಾಗ ಒಂದ ಹೇಳು. ಬ್ಯಾರೆ ಏನೂ ಹೇಳಬ್ಯಾಡ."

"ಹತ್ಯದ."

ಮುಂದೆ ಬಂದ ಧ್ವನಿಯಲ್ಲಿ ಸಾಹುಕಾರ್ರೂ ಇರಲಿಲ್ಲ, ರೀ ಇರಲಿಲ್ಲ, 'ಅದ' ಇರಲಿಲ್ಲ. "ತಮ್ಮಾ, ಕೆಂಪು ಚೀಲ ತಗೊ. ಆಯಿ, ಮಗಳನ್ನ ಮಲಗಸ್ರಿ. ತಮ್ಮಾ, ನಿನ್ನ ಹೆಂಡತಿ ಮುಖ ನೋಡಬ್ಯಾಡ, ನಿನ್ನ ಕೈ ನೋಡು. ಹೊಸ ಡಬ್ಬಿಗೆ ಬ್ಯಾಟರಿ ಹಚ್ಚು. ಹಚ್ಚಿದ ಮ್ಯಾಲೆ ಹಚ್ಚಿದೆ ಅನ್ನು."

ಹಚ್ಚಿದೆ ಅಂದೆ. ಹಳೆಯ ಡಬ್ಬಿಯಿಂದ ಕೇಬಲ್ ಬಿಡಿಸು ಅಂದರು. ಅದಕ್ಕೊಂದು ಸಣ್ಣ ಚಿಲಕ. ಬೊಂಬೆಯ ಮೇಲೆ ಕಣ್ಣು ಮುಚ್ಚಿ ತೆಗೆದಿದ್ದೆ. ಈಗ ಬೆರಳು ಬೆವೆತು ಜಾರಿತು, ಮತ್ತೆ ಜಾರಿತು. ಕೈ ಜಾರಾಕತ್ತದ ಅಂದೆ. "ಆಯಿ ಸೀರಿ ಸೆರಗಿಗೆ ಒರಸು. ಒರಸಿದಿ? ಈಗ ಒತ್ತು." ಅತ್ತೆ ಮಗಳ ತಲೆ ಬಿಡದೆ ಇನ್ನೊಂದು ಕೈಯಿಂದ ಸೆರಗನ್ನು ನನ್ನ ಕಡೆ ಚಾಚಿದ್ದರು. ಚಿಲಕ ಬಿಟ್ಟಿತು. ಹಳೆಯ ಡಬ್ಬಿಯಿಂದ ಕೇಬಲ್ ನನ್ನ ಕೈಗೆ ಬಂತು. ಆ ಕೇಬಲ್ಲಿನ ಆ ತುದಿಯಲ್ಲಿ ನನ್ನ ಹೆಂಡತಿ ಇದ್ದಳು, ಈ ತುದಿಯಲ್ಲಿ ಏನೂ ಇರಲಿಲ್ಲ. ಹೊಸ ಡಬ್ಬಿಯ ಗುರುತಿಗೆ ಗುರುತು ಕೂಡಿಸಿ ದೂಡಿದೆ. ಟಕ್ ಅಂತ ಕೂತಿತು. ಹಸಿರು ದೀಪ ಹತ್ಯದ ಎಂದು ಕೂಗಿ ಹೇಳಿದೆ.

"ದಿವಾ ಬಿಡು," ಅಂದರು ಸಿಸ್ಟರ್. "ಆಯಿ, ಎದಿಗೆ ಕಿವಿ ಹಚ್ರಿ. ಗಿರಣಿ ಏನಂತೈತಿ?"

ಅತ್ತೆ ಮಗಳ ಎದೆಯ ಮೇಲೆ ಬಾಗಿದರು. ಹಳೆಯ ಡಬ್ಬಿ ಇನ್ನೂ ಕೂಗುತ್ತಲೇ ಇತ್ತು. ಅದನ್ನು ನಾನು ದಿಂಬಿನ ಕೆಳಗೆ ತುರುಕಿ ಅದುಮಿ ಹಿಡಿದೆ. ಅತ್ತೆ ಕಣ್ಣು ಮುಚ್ಚಿದರು.

"ನಡದದ," ಅಂದರು. ಅಷ್ಟು ಹೇಳಿ ಎದೆಯ ಮೇಲಿಂದ ತಲೆ ಎತ್ತಲೇ ಇಲ್ಲ.

ಆಂಬುಲೆನ್ಸನ್ನು ಸಿಸ್ಟರ್ ಆಗಲೇ ಕಳಿಸಿದ್ದರು. ಶಿವಾಜಿನಗರದ ಗದ್ದಲದಲ್ಲಿ ಅದು ಹೇಗೆ ದಾರಿ ಮಾಡಿಕೊಂಡಿತೋ ನನಗೆ ನೆನಪಿಲ್ಲ. ಐಸಿಯು ಬಾಗಿಲಲ್ಲಿ ಸಿಸ್ಟರ್ ನಿಂತಿದ್ದರು. ನನ್ನ ಜೊತೆ ಮಾತಾಡಲಿಲ್ಲ; ಗಾಲಿ ಮಂಚದ ಪಕ್ಕಕ್ಕೆ ನಡೆಯುತ್ತಲೇ ಎರಡು ಬೆರಳಿನಿಂದ ಕೇಬಲ್ ತಡವುತ್ತ ಒಳಗೆ ಹೋದರು.

ಗಂಡಾಂತರ ಇನ್ನೂ ಮುಗಿದಿರಲಿಲ್ಲ. ಪಂಪು ನಿಂತ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟಿ, ಮತ್ತೆ ಶುರುವಾದಾಗ ಆ ಹೆಪ್ಪು ಮಿದುಳಿಗೆ ಹೋಗಿರಬಹುದು ಎಂಬ ಹೆದರಿಕೆಯಿತ್ತು. ಮಾತು, ಕೈಕಾಲು, ನೆನಪು, ಯಾವುದರಲ್ಲಿ ಬೇಕಾದರೂ ಅದು ಕಾಣಿಸಿಕೊಳ್ಳಬಹುದಿತ್ತು. ಆ ದಿನವೆಲ್ಲ ಅವಳು ಕಣ್ಣು ತೆರೆಯುವುದು, ಮುಚ್ಚುವುದು. ಮರುದಿನ ಹೊತ್ತೇರಿದ ಮೇಲೆ ಸರಿಯಾಗಿ ಎಚ್ಚರವಾದಳು. ಸಿಸ್ಟರ್ ನಮ್ಮನ್ನೂ ಒಳಗೆ ಕರೆದು ನಿಲ್ಲಿಸಿಕೊಂಡರು. ಹೆಸರು ಕೇಳಿದರು, ಹೇಳಿದಳು. ಎರಡೂ ಕೈ ಎತ್ತಿಸಿದರು, ಎತ್ತಿದಳು, ಒಂದು ತುಸು ನಿಧಾನ. ಸಿಸ್ಟರ್ ಆ ಕೈಯನ್ನೇ ನೋಡುತ್ತ, "ಅಕ್ಕಾರ, ಹದಿನೇಳರ ಮಗ್ಗಿ ಹೇಳ್ರಿ," ಅಂದರು.

ಅವಳು ಶುರು ಮಾಡಿದಳು. ಹದಿನೇಳೊಂದ್ಲ ಹದಿನೇಳು. ಹದಿನೇಳೆರಡ್ಲ ಮೂವತ್ನಾಲ್ಕು. ನಾನು ಮನಸ್ಸಿನಲ್ಲೇ ಜೊತೆಗೆ ಹೇಳುತ್ತಿದ್ದೆ. ಹದಿನೇಳಾರ್ಲ ನೂರಾ ಎರಡು ಎಂಬಲ್ಲಿಗೆ ಬಂದು ನಿಂತಳು. ಹದಿನೇಳೇಳ್ಲ ಅಂದಳು. ಮತ್ತೆ ಹದಿನೇಳೇಳ್ಲ ಅಂದಳು. ಅತ್ತೆ ನನ್ನ ತೋಳು ಹಿಡಿದರು. ಸಿಸ್ಟರ್ ಮುಖದಲ್ಲಿ ಒಂದು ಎಳೆಯೂ ಅಲುಗಲಿಲ್ಲ.

"ನೂರಾ ಹತ್ತೊಂಬತ್ತು," ಅಂದಳು ಅವಳು. "ಗಂಟಲಾರ್ತದ್ರಿ. ನೀರು ಕೊಟ್ರ ಮುಂದ ಹೇಳ್ತೀನಿ."

ಸಿಸ್ಟರ್ ನನ್ನ ಕಡೆ ತಿರುಗಿದರು. "ಸರಿ ಅದ ಏನ್ರಿ, ಸಾಹುಕಾರ್ರ? ನನಗ ಹನ್ನೆರಡರ ಮುಂದ ಬರೂದಿಲ್ಲ."

ಸರಿ ಅದ ಅಂದೆ.

ಈಗ ಆ ವಾರ್ಡಿನಲ್ಲಿ ಒಂದು ಹೊಸ ಕಾನೂನಿದೆ. ಕೇಳಿದ್ದನ್ನು ಅದೇ ಶಬ್ದದಲ್ಲಿ ತಿರುಗಿ ಹೇಳುವಂತಿಲ್ಲ, ಬೇರೆ ಮಾತಿನಲ್ಲಿ ಹೇಳಬೇಕು. ಕೇರಳದ ಹುಡುಗಿಯೂ, ಕೊಲ್ಹಾಪುರದವಳೂ ದೀಪಕ್ಕೆ 'ಹತ್ಯದ', 'ಆರ್ಯದ' ಎಂಬ ಎರಡು ಕನ್ನಡದ ಮಾತು ಕಲಿತಿದ್ದಾರೆ. 'ಬಂದ್' ಎಂಬ ಶಬ್ದವೇ ಅಲ್ಲಿ ಬಂದ್. ಅತ್ತೆಗೆ ಇದನ್ನು ಹೇಳಿದಾಗ, ಹಂಗಾರ ಆ ದವಾಖಾನಿಗೆ ಬೀಗರು ಬಂದ್ರ ಏನನ್ನಬೇಕು, ಬೀಗರು ಹತ್ಯಾರ ಅನ್ನಬೇಕೇನು ಎಂದು ಕೇಳಿದರು. ಅದನ್ನು ಹೇಳಿ ಸಿಸ್ಟರ್ ಎಷ್ಟೋ ದಿನ ನಗುತ್ತಿದ್ದರು.

ಆದರೆ ಅದು ಆಮೇಲಿನ ನಗೆ. ಮಗ್ಗಿ ಹೇಳಿಸಿದ ಆ ಮಧ್ಯಾಹ್ನ, ಪಾಳಿ ಮುಗಿದ ಮೇಲೂ ಸಿಸ್ಟರ್ ಮನೆಗೆ ಹೋಗಲಿಲ್ಲ. ಚಸ್ಮಾ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಂಚದ ಕಾಲಿನ ಕಡೆ ಬಂದು ನಿಂತರು. ನನಗೆ ಅಲ್ಲಿಯ ತನಕ ಏನೂ ಗೊತ್ತಿರಲಿಲ್ಲ. ನೀರು ಕೊಡಿ ಅಂದದ್ದೂ ಚಿಕಿತ್ಸೆಯ ಒಂದು ಹೆಜ್ಜೆ ಅಂತಲೇ ತಿಳಿದಿದ್ದೆ. ಅವರು ಸುಮ್ಮನಿದ್ದರೆ ಇಂದಿಗೂ ಹಾಗೇ ತಿಳಿದಿರುತ್ತಿದ್ದೆ. ದೀಪ ಆರಿದೆ ಎಂದು ತಾವು ಕೇಳಿಸಿಕೊಂಡದ್ದನ್ನು, ಅದರಿಂದ ಹೊತ್ತು ಹಾಳಾದದ್ದನ್ನು ಒಂದೊಂದಾಗಿ ನನ್ನ ಹೆಂಡತಿಗೆ ಹೇಳಿದರು. ಡಾಕ್ಟರಿಗೂ, ತಮ್ಮ ಮೇಲಿನವರಿಗೂ ಬೆಳಿಗ್ಗೆಯೇ ಹೇಳಿ ಬಂದಿದ್ದರು. ನನ್ನ ಮಾತು ಹಾಗೆ ಕೇಳಿಸುವಂತಿತ್ತು ಎಂದು ನಾನು ನಡುವೆ ಬಾಯಿ ಹಾಕಿದೆ. ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

"ಸದ್ದು ಕೇಳಿ ತಿಳೀತು. ತಿಳೀದಿದ್ರ ಇವತ್ತು ನಾ ನಿಮ್ಮ ಮುಂದ ನಿಂದರತಿದ್ದಿಲ್ಲ," ಅಂದರು. "ನಾಳಿಂದ ಬ್ಯಾರೆ ಸಿಸ್ಟರ್ ಬೇಕಂದ್ರ ಹಾಕ್ತಾರ. ಅದು ನಿಮ್ಮ ಹಕ್ಕು. ನನಗ ಕೆಟ್ಟನಿಸೂದಿಲ್ಲ. ನೀವ ಹೇಳ್ರಿ, ಅಕ್ಕಾರ. ಇವರನ್ನ ಕೇಳಬ್ಯಾಡ್ರಿ."

ಅತ್ತೆ ಏನೋ ಹೇಳಹೊರಟರು. ಮಗಳು ಅವರ ಕಡೆ ನೋಡಲಿಲ್ಲ. ಅವಳು ಛತ್ತು ನೋಡುತ್ತ ಮಲಗಿದ್ದಳು. ಮಕ್ಕಳು ತಪ್ಪು ಲೆಕ್ಕ ತಂದಾಗ ಅವಳು ಹೀಗೆಯೇ ಮಾಡುವುದುಂಟು. ಬೈಯುವ ಮೊದಲು ಎಲ್ಲಿ ತಪ್ಪಿತು, ಎಲ್ಲಿಯ ತನಕ ಸರಿಯಿತ್ತು ಎಂದು ಮನಸ್ಸಿನಲ್ಲೇ ನೋಡುತ್ತಾಳೆ. ಸಿಸ್ಟರ್ ಕಾದರು. ಆ ವಾರ್ಡಿನಲ್ಲಿ ಅವರು ಮಾನಿಟರಿನ ಕಡೆ ನೋಡದೆ ನಿಂತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ತಪ್ಪು ಕೇಳಿದ್ರಿ," ಅಂದಳು ಅವಳು ಕಡೆಗೆ. "ಆದ್ರ ಫೋನ್ ಇಡಲಿಲ್ಲ."

ಸಿಸ್ಟರ್ ಚಸ್ಮಾ ಹಾಕಿಕೊಂಡರು.

"ಹೊಟ್ಟಿಮ್ಯಾಲಿನ ಪಟ್ಟಿ ನಾಳೆ ಬದಲಿಸಬೇಕಲ್ಲ. ನೀವ ಬರ್ರಿ."

ಮರುದಿನ ಬೆಳಿಗ್ಗೆ ಸಿಸ್ಟರ್ ಬಂದರು. ಕೈ ತೊಳೆದರು, ಮತ್ತೊಮ್ಮೆ ತೊಳೆದರು, ಗ್ಲೋವ್ಸ್ ಹಾಕಿಕೊಂಡರು. ಕೇಬಲ್ ಮೈಯಿಂದ ಹೊರಬರುವ ಆ ಜಾಗವನ್ನು ನನ್ನ ಹೆಂಡತಿ ನನಗೂ ಸುಲಭಕ್ಕೆ ತೋರಿಸುತ್ತಿರಲಿಲ್ಲ. ಆ ದಿನ ತಾನೇ ಅಂಗಿಯ ಅಂಚು ಮೇಲೆತ್ತಿ ಹಿಡಿದಳು. ಸಿಸ್ಟರ್ ಬಾಗಿ ಹಳೆಯ ಪಟ್ಟಿಯ ಮೂಲೆಯನ್ನು ಉಗುರಿನಷ್ಟೇ ಎಬ್ಬಿಸಿದರು. ಅವಳು ಒಮ್ಮೆ ಸಣ್ಣಗೆ ಬೆಚ್ಚಿದಳು.

"ಕೈ ಭಾಳ ತಣ್ಣಗ ಅವರಿ ನಿಮ್ಮವು," ಅಂದಳು.

"ಬೆಚ್ಚಗ ಆಗ್ತಾವ್ರಿ, ಅಕ್ಕಾರ," ಅಂದರು ಸಿಸ್ಟರ್. "ಅಲಗಾಡಬ್ಯಾಡ್ರಿ."

ಅವಳು ಅಲುಗಲಿಲ್ಲ.